ಸಿದ್ದೇಶ್ವರಿಯ ನಲವತ್ತೊಂದು ಸೆಕೆಂಡು

ಪಂಢರಿ ತಂದೆ ಮಾರುತಿ ವಾಘಮಾರೆ, ವಯಸ್ಸು 68 ವರ್ಷ, ಉದ್ಯೋಗ ಮೊದಲು ಬೀದರ ಗಾಂಧಿ ಗಂಜ ಮಾರುಕಟ್ಟೆಯ ಕಾಳಿನ ಅಡತಿ ಅಂಗಡಿಯಲ್ಲಿ ತೂಕ ಹಿಡಿಯುವುದು, ಈಗ ಮನೆಯಲ್ಲಿ ಇರುವುದು, ಮೂಲ ಊರು ಡಾಬಕಾ, ತಾಲೂಕು ಔರಾದ, ಹಾಲಿ ವಸ್ತಿ ಗಾಂಧಿ ಗಂಜದ ಹಿಂದಿನ ಓಣಿ, ಬೀದರ. ಯಾರೂ ಕರೆಯದೆ, ಯಾರ ಒತ್ತಾಯವೂ ಇಲ್ಲದೆ ಈ ದಿನ ದಿನಾಂಕ 29-12-2025ರಂದು ಬೆಳಿಗ್ಗೆ 10-20 ಗಂಟೆಗೆ ಔರಾದ ಪೊಲೀಸ್ ಠಾಣೆಗೆ ನಾನಾಗಿ ಬಂದು ಬರೆಯಿಸುವುದು ಏನೆಂದರೆ,

ಡಾಬಕಾ ಗ್ರಾಮದ ಕುರಿ ಸಾಕುವ ಧೊಂಡಿಬಾ ಇವರ ಮಗಳು ಸಿದ್ದೇಶ್ವರಿ, ವಯಸ್ಸು 12 ವರ್ಷ, 6ನೇ ತರಗತಿ, ದಿನಾಂಕ 24-12-2025ರ ಬೆಳಿಗ್ಗೆಯಿಂದ ಕಾಣೆಯಾಗಿದ್ದಾಳೆ. ಈ ಬಗ್ಗೆ ಧೊಂಡಿಬಾ ಕೊಟ್ಟ ದೂರಿನಲ್ಲಿ ನನ್ನ ಮಗ ಕೈಲಾಶನ ಮಗಳಾದ ಪ್ರಣಾಲಿ, ವಯಸ್ಸು 23 ವರ್ಷ, ಇವಳ ಹೆಸರು ಬರೆಯಿಸಿದ್ದಾರೆ. ಆ ಜಾಗದಲ್ಲಿ ನನ್ನ ಹೆಸರು ಇರಬೇಕು. ಅದನ್ನು ಹೇಳಲು ಬಂದಿದ್ದೇನೆ.

ನಾನು ಶಾಲೆಗೆ ಹೋದವನಲ್ಲ. ಗಂಜದಲ್ಲಿ ತೊಗರಿ ಚೀಲದ ಮೇಲೆ ಬರೆದ ಊರ ಹೆಸರು ನೋಡುತ್ತಾ ನೋಡುತ್ತಾ 19ನೇ ವಯಸ್ಸಿಗೆ ಓದು ಕಲಿತೆ. ಕಲಿತ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ, ನೆಂಟರಿಗೆ ಪತ್ರ ಬರೆಯಲು ಹಿಡಿದೆ. ನಮ್ಮ ನೆಂಟರ ಮನೆಗಳು 11. ಅಷ್ಟು ಮನೆಗೂ ಬೇರೆ ಬೇರೆ ಬರೆಯುವುದು ಆಗದ ಮಾತು. ಆದ್ದರಿಂದ ಒಂದೇ ಪತ್ರ ಬರೆದು ಮೊದಲು ಭಾಲ್ಕಿಯಲ್ಲಿರುವ ನನ್ನ ತಂಗಿ ಸುಭದ್ರಾಬಾಯಿ ಮನೆಗೆ ಕಳಿಸುತ್ತಿದ್ದೆ. ಅವಳ ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಯಾರಾದರೂ ಗಟ್ಟಿಯಾಗಿ ಓದುವುದು, ಆಮೇಲೆ ಔರಾದಿಗೆ ಹೋಗುವವರ ಕೈಯಲ್ಲಿ ಕೊಡುವುದು, ಅಲ್ಲಿಂದ ಡಾಬಕಾ, ಡಾಬಕಾದಿಂದ ಗಡಿ ದಾಟಿ ಉದಗೀರ. ಪ್ರತಿ ಪತ್ರದ ಕೊನೆಗೆ ನಾನು ಬರೆಯುತ್ತಿದ್ದ ಸಾಲು ಒಂದೇ: ಓದಿ ಮುಂದಿನ ಮನಿಗಿ ಕಳಸ್ರಿ. 49 ವರ್ಷ ಈ ಸಾಲು ಬರೆದಿದ್ದೇನೆ. ಯಾವ ಮನೆಯಲ್ಲೂ ಪತ್ರ ಉಳಿದದ್ದಿಲ್ಲ. ಹೆರಿಗೆ, ಸಾವು, ಮದುವೆ, ಮಗ ಪಾಸಾದದ್ದು ಎಲ್ಲ ಹಾಗೆಯೇ ನಡೆದುಕೊಂಡು ಹೋಗುತ್ತಿತ್ತು.

ಮೂರು ವರ್ಷದ ಹಿಂದೆ ಪ್ರಣಾಲಿ ನನಗೆ ಫೋನಿನಲ್ಲಿ ವಾಟ್ಸಾಪ್ ಹಾಕಿಕೊಟ್ಟಳು. ನನ್ನ ಫೋನಿನಿಂದಲೇ 46 ಮಂದಿಯ ಒಂದು ಗ್ರೂಪು ಮಾಡಿ, ಅಜ್ಜನಾದ ನನ್ನನ್ನು ತಾನು ಕರೆಯುವ ಹಾಗೆ ಅದಕ್ಕೆ ಮುತ್ಯಾನ ಪತ್ರ ಎಂದು ಹೆಸರಿಟ್ಟಳು. ನಾನು ಪತ್ರವನ್ನು ಕೈಯಲ್ಲೇ ಬರೆದು, ಅದರ ಫೋಟೋ ತೆಗೆದು ಅದರಲ್ಲಿ ಹಾಕುತ್ತೇನೆ. ಫೋಟೋದಲ್ಲಿ ನನ್ನ ಹೆಬ್ಬೆರಳು ಬರುತ್ತದೆ ಎಂದು ಎಲ್ಲರೂ ಚೇಷ್ಟೆ ಮಾಡುತ್ತಾರೆ. ಕೊನೆಯ ಸಾಲನ್ನು ನಾನು ಬಿಟ್ಟಿಲ್ಲ.

ಪ್ರಣಾಲಿ ಭಾಲ್ಕಿಯ ಒಂದು ಕಾಲೇಜಿನಲ್ಲಿ ಬಿ.ಇಡ್. ಓದುತ್ತಿದ್ದು, ಅಲ್ಲಿಯೇ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇರುತ್ತಾಳೆ. ಕಲಿಸುವ ತಾಲೀಮಿಗೆ ಅವಳನ್ನು ನವೆಂಬರ 3ರಿಂದ ಡಿಸೆಂಬರ 20ರವರೆಗೆ ಡಾಬಕಾ ಶಾಲೆಗೆ ಹಾಕಿದ್ದರು. ನಮ್ಮೂರೇ ಸಿಕ್ಕಿತೆಂದು ನಾನು ಗಂಜದಲ್ಲಿ ಪೇಢಾ ಹಂಚಿದ್ದೆ. ಓದಿನಲ್ಲಿ ಹಿಂದೆ ಬಿದ್ದ ಒಂದು ಮಗುವನ್ನು ಆರಿಸಿ, ಅದಕ್ಕೆ ದಿನಾ ಕಲಿಸಿ, ಮೊದಲು ಹೇಗಿತ್ತು, ಕಲಿಸಿದ ಮೇಲೆ ಹೇಗಾಯಿತು ಎಂದು ವರದಿ ಬರೆಯುವುದು ಅವಳ ಕೆಲಸಗಳಲ್ಲಿ ಒಂದು. ಅವಳು ಸಿದ್ದೇಶ್ವರಿಯನ್ನು ಆರಿಸಿದಳು. ಆ ಹುಡುಗಿ ವರ್ಷದಲ್ಲಿ ಐದು ತಿಂಗಳು ತಂದೆಯ ಜೊತೆ ಕುರಿ ಹಿಂದೆ ಇರುತ್ತಿದ್ದುದರಿಂದ 6ನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ.

ಮಕ್ಕಳ ಮುಖ ಫೋನಿನಲ್ಲಿ ತೆಗೆಯುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು ಎಂದು ಕಾಲೇಜಿನಲ್ಲಿ ಪಾಠವೇ ಇದೆಯಂತೆ. ಪ್ರಣಾಲಿ ದಿನಾಂಕ 09-11-2025ರ ಭಾನುವಾರ ಶಾಲೆಯಿಂದ ಒಂದೂವರೆ ಕಿಲೋಮೀಟರ್ ನಡೆದು ಕುರಿ ದೊಡ್ಡಿಗೆ ಹೋದಳು. ಅಂದು ನಾನು ಡಾಬಕಾಕ್ಕೆ ಬಂದಿದ್ದರಿಂದ ಅವಳ ಜೊತೆ ಹೋಗಿದ್ದೆ. ಆದ್ದರಿಂದ ಇದನ್ನು ಕಣ್ಣಾರೆ ಕಂಡದ್ದು ಎಂದು ಬರೆದುಕೊಳ್ಳಬೇಕು. ಅವಳು ಕಾಗದ ತೆಗೆದು, ಕಾಲೇಜಿನ ಇಬ್ಬರು ಗುರುಗಳ ಹೊರತು ಈ ವಿಡಿಯೋವನ್ನು ಯಾರಿಗೂ ತೋರಿಸುವುದಿಲ್ಲ ಎಂಬ ಸಾಲನ್ನು ಧೊಂಡಿಬಾರಿಗೆ ಎರಡು ಸಲ ಓದಿ ಹೇಳಿದಳು.

ಧೊಂಡಿಬಾ ನಕ್ಕು, "ಏನ್ ಬಾಯಿ, ನಮ್ಮ ಪೋರಿ ಸಿನಿಮಾದಾಗ ಬರ್ತಾಳೇನ್? ಹಂಗಿದ್ರ ಕುರಿಗಿನೂ ಒಂದು ಪಾರ್ಟ್ ಕೊಡ್ರಿ" ಎಂದರು. ಅವರ ಹೆಂಡತಿ ಹೀರಾಬಾಯಿ, "ನೀವು ಸುಮ್ಮ ಕೂಡ್ರಿ, ಟೀಚರ್ ಕಾಗದ ಓದಾಕತ್ತಾರ" ಎಂದು ಗಂಡನನ್ನು ಗದರಿಸಿ ನಮಗೆ ಚಹಾ ಕೊಟ್ಟರು. ಧೊಂಡಿಬಾ ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ, "ಬರೇ ಇಬ್ಬರೇ ಹೌದಿಲ್ರಿ?" ಎಂದು ಮತ್ತೊಮ್ಮೆ ಕೇಳಿದರು. ಪ್ರಣಾಲಿ, "ಬರೇ ಇಬ್ಬರೇರಿ ಕಾಕಾ" ಎಂದಳು. ಆ ಕಾಗದ ಈಗ ತಮ್ಮ ಠಾಣೆಯಲ್ಲಿಯೇ ಇದೆ.

ದಿನಾಂಕ 10-11-2025ರಂದು ಮೊದಲ ವಿಡಿಯೋ ತೆಗೆದಳು. ಅದು 41 ಸೆಕೆಂಡು. ಹುಡುಗಿ ಪುಸ್ತಕ ಹಿಡಿದು ಮೊದಲ ಸಾಲಿನಲ್ಲಿಯೇ ನಿಲ್ಲುತ್ತಾಳೆ. ಎರಡು ಅಕ್ಷರ ಹೇಳುತ್ತಾಳೆ, ಮೂರನೆಯದು ಬರುವುದಿಲ್ಲ. ಪುಸ್ತಕ ತಿರುಗಿಸಿ ನೋಡುತ್ತಾಳೆ. ಆಮೇಲೆ ತಲೆ ಎತ್ತಿ ಎದುರಿಗೆ ನೋಡಿ, ಕಣ್ಣೀರು ಲಂಗದಿಂದ ಒರೆಸಿಕೊಂಡು, "ಟೀಚರ್, ಕುರಿ ಬಿಟ್ಟು ಬಂದೀನಿ, ನನಗ ಬಿಡ್ರಿ" ಎನ್ನುತ್ತಾಳೆ. ಅಲ್ಲಿಗೆ ಅದು ಮುಗಿಯುತ್ತದೆ.

ಎರಡನೆಯ ವಿಡಿಯೋ ದಿನಾಂಕ 19-12-2025ರದು, 2 ನಿಮಿಷ 10 ಸೆಕೆಂಡು. ಜೇನುಹುಳದ ಪಾಠ. ಹುಡುಗಿ ತಲೆ ಬಗ್ಗಿಸಿ, ಸಾಲಿನ ಕೆಳಗೆ ಬೆರಳು ಇಟ್ಟು, ಒಂದೂ ತಪ್ಪಿಲ್ಲದೆ ಪೂರ್ತಿ ಪುಟ ಓದುತ್ತಾಳೆ. ಪ್ರಣಾಲಿ, "ಸಾಕು ಬಾ" ಎನ್ನುವುದು ಕೇಳುತ್ತದೆ. ಹುಡುಗಿ ತಲೆ ಎತ್ತದೆ, "ಇನ್ನೊಂದು ಪುಟ ಅದರಿ" ಎಂದು ಹಾಳೆ ಮಗುಚಿ ಮುಂದೆ ಓದುತ್ತಲೇ ಇರುತ್ತಾಳೆ. 39 ದಿನದಲ್ಲಿ ಆದದ್ದು ಇದು. ನಾನು ಓದು ಕಲಿಯಲು ಎರಡು ವರ್ಷ ತೆಗೆದುಕೊಂಡಿದ್ದೆ.

20ನೇ ತಾರೀಖು ಶನಿವಾರ ತಾಲೀಮು ಮುಗಿದ ದಿನ, ಪ್ರಣಾಲಿ ಆ ಹುಡುಗಿಗೆ ಒಂದು ನೋಟುಬುಕ್ಕು ಕೊಟ್ಟು ಅದರ ಮೊದಲ ಪುಟದಲ್ಲಿ ತನ್ನ ಹೆಸರು ಮತ್ತು ಭಾಲ್ಕಿಯ ಹಾಸ್ಟೆಲ್ಲಿನ ವಿಳಾಸ ಬರೆದು, ನನಗೆ ಪತ್ರ ಬರೆಯುತ್ತಿರು ಎಂದು ಹೇಳಿ ಬಂದಳು. ಪತ್ರದ ಚಟ ಅವಳಿಗೆ ನನ್ನಿಂದ ಬಂದದ್ದು.

21ನೇ ತಾರೀಖು ಭಾನುವಾರ ಬೆಳಿಗ್ಗೆ 9-30ಕ್ಕೆ ಪ್ರಣಾಲಿ ಬೀದರದ ನಮ್ಮ ಮನೆಗೆ ಬಂದಳು. ಅವಳ ವರದಿಯ ಕನ್ನಡ ತಿದ್ದುವುದು ಯಾವಾಗಲೂ ನಾನೇ. ವಿಡಿಯೋದಲ್ಲಿ ಇರುವುದಕ್ಕೂ ಅವಳು ಬರೆದದ್ದಕ್ಕೂ ತಾಳೆ ಇದೆಯೇ ನೋಡು ಎಂದು ಎರಡೂ ವಿಡಿಯೋ ನನ್ನ ಫೋನಿಗೆ ಕಳಿಸಿದಳು. ಕಳಿಸುವಾಗ ಹೇಳಿದ ಮಾತು ಇದು: "ಮುತ್ಯಾ, ಇದು ಮಂದಿಗಿ ತೋರಸಾದಲ್ಲ. ನಿನಗೂ ಕಳಸಬಾರದಿತ್ತು, ನಿನ್ನ ಕಣ್ಣಿಗಿ ನನ್ನ ಫೋನು ಸಣ್ಣದ ಅಂತ ಕಳಸೀನಿ. ನೋಡಿ ಅಳಸಿಬಿಡು." ನಾನು, "ನನಗ ಹೇಳ್ತಿಯೇನ್ ನೀ, ನಿನಗಿಂತ 45 ವರ್ಷ ದೊಡ್ಡಾವ ಅದೀನಿ" ಎಂದೆ. ಅವಳು ಬಟ್ಟೆ ಒಗೆಯಲು ಮಾಳಿಗೆಗೆ ಹೋದಳು.

ನಾನು ಎರಡೂ ನೋಡಿದೆ. ಎರಡನೆಯದನ್ನು ಮೂರು ಸಲ ನೋಡಿದೆ. ನನ್ನ ತಾಯಿ ಡಾಬಕಾದಲ್ಲಿ ಅದೇ ಶಾಲೆಯ ಅಂಗಳ ಗುಡಿಸುತ್ತಿದ್ದಳು. ಒಳಗೆ ಕೂರುವುದು ನನಗೆ ಆಗಿರಲಿಲ್ಲ. ಈಗ ನನ್ನ ಮೊಮ್ಮಗಳು ಅದೇ ಶಾಲೆಯ ಒಳಗೆ ನಿಂತು ಇನ್ನೊಬ್ಬರ ಮಗುವಿಗೆ ಓದು ಬರಿಸಿದ್ದಾಳೆ. ಇಷ್ಟು ದೊಡ್ಡ ಸುದ್ದಿಯನ್ನು ನಾನು 11 ಮನೆಗೆ ತಿಳಿಸದೆ ಇದ್ದದ್ದು ಇಲ್ಲ. ಮಂದಿ ಎಂದರೆ ಹೊರಗಿನವರು ಎಂದು ನಾನು ತಿಳಿದೆ. ನೆಂಟರನ್ನು ನಾನು ಮಂದಿ ಎಂದು ಎಣಿಸಲಿಲ್ಲ.

ಬೆಳಿಗ್ಗೆ 11-20ಕ್ಕೆ ನಾನು ಎರಡೂ ವಿಡಿಯೋಗಳನ್ನು ಮುತ್ಯಾನ ಪತ್ರ ಗ್ರೂಪಿಗೆ ಹಾಕಿದೆ. ಕೆಳಗೆ ಹೀಗೆ ಬರೆದೆ: ನಮ್ಮ ಪ್ರಣಾಲಿ ಕಲಿಸಿದ ಕೂಸು, ಮೊದಲು ಹೀಂಗ ಇತ್ತು, ಈಗ ಹೀಂಗ ಆಗ್ಯಾದ, ನೋಡಿ ಮುಂದಿನ ಮನಿಗಿ ಕಳಸ್ರಿ.

ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನ ಗುರುತುಗಳು ಬಂದವು, ಹಳದಿ ಬಣ್ಣದ ನಗುವ ಮುಖಗಳೂ ಬಂದವು. 9 ನಗುವ ಮುಖಗಳನ್ನು ಎಣಿಸಿದೆ. ಮಗು ಓದಿದ್ದಕ್ಕೆ ಖುಷಿಯಾಗಿ ನಕ್ಕಿದ್ದಾರೆ ಎಂದು ತಿಳಿದು ನಾನೂ ನಕ್ಕೆ. ಪ್ರಣಾಲಿ ಮಾಳಿಗೆಯಿಂದ ಇಳಿದು ಬಂದು ಯಾಕೆ ಮುತ್ಯಾ ನಗುತ್ತಿದ್ದಿ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳಿಗೆ ಆಮೇಲೆ ಗೊತ್ತಾಗಲಿ, ಹಿಗ್ಗಲಿ ಎಂಬ ಆಸೆ. ಅವಳು ಪರೀಕ್ಷೆಯ ಗಡಿಬಿಡಿಯಲ್ಲಿ ಆ ಗ್ರೂಪು ತೆರೆಯುತ್ತಿರಲಿಲ್ಲ. ಸಂಜೆ 4 ಗಂಟೆಗೆ ಭಾಲ್ಕಿಗೆ ಹೋದಳು.

22ನೇ ತಾರೀಖು ಏನಾಯಿತು ಎಂಬುದು ನನಗೆ ಆಮೇಲೆ ತಿಳಿದದ್ದು. ನನ್ನ ಅಣ್ಣನ ಮಗ ಸುಶೀಲಕುಮಾರ ಔರಾದ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವನು ಮೊದಲನೆಯ ವಿಡಿಯೋ ಮಾತ್ರ ತೆಗೆದುಕೊಂಡು, ಕುರಿ ಬಿಟ್ಟು ಬಂದೀನಿ ಎಂಬ ಮಾತು ಮೂರು ಸಲ ಬರುವಂತೆ ಮಾಡಿ, ಹಿಂದೆ ಕುರಿ ಒದರುವ ಸದ್ದು ಕೂಡಿಸಿ ತನ್ನ ಸ್ಟೇಟಸ್ಸಿಗೆ ಹಾಕಿದನು. ಅವನ ಅಂಗಡಿಗೆ ಡಾಬಕಾದವರೆಲ್ಲ ಬರುತ್ತಾರೆ. ಮರುದಿನ ಬೆಳಿಗ್ಗೆಗೆ ಅದು ಊರಲ್ಲಿತ್ತು. ಎರಡನೆಯ ವಿಡಿಯೋ ಎಲ್ಲಿಯೂ ಹೋಗಲಿಲ್ಲ. ನಾನು ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. 46 ಮಂದಿಯಲ್ಲಿ ಅದನ್ನು ಕೊನೆಯವರೆಗೆ ನೋಡಿದವರು 5 ಮಂದಿ. ಉದ್ದ ಇತ್ತು ಎಂದರು. ಮುಂದಕ್ಕೆ ಕಳಿಸಿದವರು ಒಬ್ಬರೂ ಇಲ್ಲ.

23ನೇ ತಾರೀಖು ಮಂಗಳವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಕಟ್ಟೆಯ ಮೇಲೆ ಕೂತ ಗಂಡಸರು ಸಿದ್ದೇಶ್ವರಿಗೆ, "ಏನ್ ತಂಗಿ, ಕುರಿ ಬಿಟ್ಟು ಬಂದಿಯೇನ್?" ಎಂದು ಕೇಳಿದ್ದಾರೆ. ಶಾಲೆಯಲ್ಲಿ ಮಕ್ಕಳು ಅವಳು ಒಳಗೆ ಬಂದ ಕೂಡಲೇ ಎಲ್ಲರೂ ಕೂಡಿ ಕುರಿಯಂತೆ ಒದರಿದ್ದಾರೆ. ಮುಖ್ಯಗುರು ಶಾಕಿರಾ ಬೇಗಂ ಅವರು ಮಕ್ಕಳನ್ನು ಬೈದು ಸುಮ್ಮನಾಗಿಸಿ, ಆ ಹುಡುಗಿಗೆ ಎಲ್ಲರೆದುರು ಓದಿ ತೋರಿಸಲು ಹೇಳಿದರು. ಅವಳು ಪುಸ್ತಕ ತೆಗೆಯಲಿಲ್ಲ. ಶಾಕಿರಾ ಬೇಗಂ ಅವರು ಮಧ್ಯಾಹ್ನ 12-40ಕ್ಕೆ ಪ್ರಣಾಲಿಗೆ ಫೋನು ಮಾಡಿ, "ಬೇಟಾ, ಏನ್ ಮಾಡಿಟ್ಟಿ ಇದು? ಆ ಪೋರಿ ಬಾಯಿನೇ ತೆಗಿವಲ್ಲದು" ಎಂದು ಹೇಳಿದ್ದಾರೆ.

ಪ್ರಣಾಲಿ 12-55ಕ್ಕೆ ನನಗೆ ಫೋನು ಮಾಡಿದಳು. ಅಳುತ್ತಿದ್ದಳು. "ಮುತ್ಯಾ, ಈಗಿಂದೀಗ ಅಳಸು. ಒತ್ತಿ ಹಿಡಿ, ಎಲ್ಲರಿಗೂ ಅಳಸು ಅಂತ ಬರ್ತದ, ಅದನ್ನೇ ಒತ್ತು, ಬ್ಯಾರೆ ಒತ್ತಬ್ಯಾಡ" ಎಂದಳು. ಕನ್ನಡಕ ಹುಡುಕಲಿಲ್ಲ. ನಾನು ಒತ್ತಿದ್ದು ಅದರ ಕೆಳಗಿನದು. ನನ್ನ ಫೋನಿನಿಂದ ಮಾತ್ರ ಅಳಿಸಿಹೋಯಿತು. ಮಿಕ್ಕ 45 ಮಂದಿಯ ಹತ್ತಿರ ಹಾಗೆಯೇ ಉಳಿಯಿತು, ನನ್ನಲ್ಲಿ ಇಲ್ಲದ್ದರಿಂದ ಇನ್ನು ಅದನ್ನು ನಾನು ಅಳಿಸಲು ಬರುವುದಿಲ್ಲ. ಆಯಿತು ಅವ್ವಾ, ಹೋಯಿತು ಎಂದು ನಾನು ಅವಳಿಗೆ ಹೇಳಿದೆ. ನನ್ನ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಹೋಯಿತೆಂದೇ ತಿಳಿದಿದ್ದೆ.

ಸುಶೀಲಕುಮಾರನಿಗೆ ಫೋನು ಮಾಡಿ ಬೈದೆ. ಅವನು, "ಕಾಕಾ, ನನಗ್ಯಾಕ ಬೈತೀರಿ? ಮುಂದಿನ ಮನಿಗಿ ಕಳಸ್ರಿ ಅಂತ ನೀವೇ ಬರದಿರಲ್ಲ, ನಾ ಕಳಸೀನಿ" ಎಂದನು. ನಾನು ಫೋನು ಇಟ್ಟೆ.

24ನೇ ತಾರೀಖು ಬುಧವಾರದ್ದನ್ನು ನಾನು ಕೇಳಿ, ಹೋಗಿ ನೋಡಿ, ಗಂಟೆ ಕೂಡಿಸಿ ಹೇಳುತ್ತಿದ್ದೇನೆ.

ಪ್ರಣಾಲಿ ಡಾಬಕಾಕ್ಕೆ ಹೋಗಿ ಧೊಂಡಿಬಾ ಮತ್ತು ಹೀರಾಬಾಯಿ ಇವರ ಕಾಲು ಹಿಡಿಯುವುದು, ಹುಡುಗಿಯನ್ನು ಮಾತಾಡಿಸುವುದು ಎಂದು ಬೆಳಿಗ್ಗೆ 8-40ಕ್ಕೆ ಭಾಲ್ಕಿಯಿಂದ ಔರಾದ ಬಸ್ಸು ಹತ್ತಿದಳು. ಅದೇ ದಿನ ಸಿದ್ದೇಶ್ವರಿ 7-30ಕ್ಕೆ ಮನೆಯಲ್ಲಿ ಸಾಲಿಗಿ ಹೋಗ್ತೇನಿ ಎಂದು ಹೇಳಿ ನೋಟುಬುಕ್ಕು ತೆಗೆದುಕೊಂಡು ಹೊರಟು, ಶಾಲೆಗೆ ಹೋಗದೆ ಜೀಪಿನಲ್ಲಿ ಔರಾದಿಗೆ ಬಂದಳು. ಔರಾದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಮಡೆಪ್ಪ ಅವರು ಅವಳನ್ನು ನೋಡಿದ್ದಾರೆ. ಅವರು ನನಗೆ ಹೇಳಿದ್ದು: "ಪೋರಿ ಒಂದೊಂದೇ ಬಸ್ಸಿನ ಮುಂದ ನಿಂತು ಬೋರ್ಡ್ ಓದತಿತ್ತು ನೋಡ್ರಿ. ಕೇಳೋದು ಬಿಟ್ಟು ಓದತದಲ್ಲ ಅಂತ ನನಗ ನಗು ಬಂತು. ಭಾಲ್ಕಿ ಅಂತ ಗಟ್ಟಿಯಾಗಿ ಓದಿ, ನನ್ನ ಮಾರಿ ನೋಡಿ, ಹತ್ತಿತು." ಆ ಬಸ್ಸು 9-05ಕ್ಕೆ ಹೊರಟಿತು. ಪ್ರಣಾಲಿ ಕೂತ ಬಸ್ಸು ಔರಾದ ಮುಟ್ಟಿದ್ದು 10-05ಕ್ಕೆ. ಎರಡೂ ಬಸ್ಸು ದಾರಿಯಲ್ಲಿ ಎಲ್ಲಿಯೋ ಒಂದರ ಪಕ್ಕ ಒಂದು ಹಾದು ಹೋಗಿವೆ. ಆ ಹುಡುಗಿಗೆ ನವೆಂಬರದಲ್ಲಿ ಇದ್ದಂತೆ ಓದು ಬಾರದೆ ಇದ್ದಿದ್ದರೆ ಬಸ್ಸು ಸಿಗದೆ ಮನೆಗೆ ತಿರುಗುತ್ತಿದ್ದಳು. ಈ ಮಾತು ತನಿಖೆಗೆ ಬೇಕಾಗಿಲ್ಲದಿರಬಹುದು. ನನ್ನ ತಲೆಯಿಂದ ಹೋಗುತ್ತಿಲ್ಲ.

10-50ಕ್ಕೆ ಸಿದ್ದೇಶ್ವರಿ ಹಾಸ್ಟೆಲ್ಲಿನ ಬಾಗಿಲಿಗೆ ಬಂದಳು. ಅಲ್ಲಿ ಬಾಗಿಲು ಕಾಯುವ ಸುಮನ ಎಂಬ ಹೆಣ್ಣುಮಗಳಿಗೆ ನೋಟುಬುಕ್ಕಿನ ಮೊದಲ ಪುಟ ತೋರಿಸಿ, "ಈ ಟೀಚರ್ ಅದಾರೇನ್ರಿ?" ಎಂದು ಕೇಳಿದಳು. ಊರಿಗೆ ಹೋಗಿದ್ದಾರೆ ಎಂದು ಸುಮನ ಹೇಳಿದರು. ಯಾವ ಊರಿಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹುಡುಗಿ ಬಾಗಿಲ ಹೊರಗಿನ ಕಲ್ಲಿನ ಮೇಲೆ 1 ಗಂಟೆ 40 ನಿಮಿಷ ಕೂತಿದ್ದಳು. ಸುಮನ ಅವರು ಕೊಟ್ಟ ರೊಟ್ಟಿ ತಿಂದಳು. ಕೂತಲ್ಲೇ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದಳು.

12-30ಕ್ಕೆ ಸುಮನ ಅವರಿಗೆ, ಪ್ರಣಾಲಿಗೆ ವಿಡಿಯೋ ಕಾಲ್ ಮಾಡಿ ಈ ಕೂಸು ಯಾರು ಎಂದು ತೋರಿಸಿ ಕೇಳೋಣ ಎನಿಸಿತು. ಅವರು ಫೋನು ಎತ್ತಿ ಹುಡುಗಿಯ ಮುಖದ ಕಡೆ ಹಿಡಿದರು. ಹುಡುಗಿ ಫೋನು ನೋಡಿದ ಕೂಡಲೇ ಎದ್ದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಓಡಿದಳು. ಸುಮನ ಹಿಂದೆ ಓಡಿದರು, ಸಿಗಲಿಲ್ಲ. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಅವರು ಮಾಡಿದ್ದು ಯಾರಾದರೂ ಮಾಡುವ ಕೆಲಸ.

1-10ಕ್ಕೆ ಭಾಲ್ಕಿ ರೈಲು ನಿಲ್ದಾಣದ ಹೊರಗೆ ಪೇರಲಹಣ್ಣು ಮಾರುವ ಒಬ್ಬ ಮುದುಕಿ, ಶಾಲೆಯ ಬಟ್ಟೆಯ ಒಂದು ಹುಡುಗಿ ಮುಖ ಮುಚ್ಚಿಕೊಂಡು ನಿಲ್ದಾಣದ ಒಳಗೆ ಹೋದದ್ದನ್ನು ನೋಡಿದ್ದಾಳೆ. ಅಲ್ಲಿಂದ ಮುಂದೆ ನೋಡಿದವರು ಸಿಕ್ಕಿಲ್ಲ.

ಡಾಬಕಾದಲ್ಲಿ ಹುಡುಗಿ ಮನೆಯಲ್ಲೂ ಶಾಲೆಯಲ್ಲೂ ಸಿಗದೆ ಪ್ರಣಾಲಿ ತಿರುಗಿ ಸಂಜೆ 5-15ಕ್ಕೆ ಹಾಸ್ಟೆಲ್ಲಿಗೆ ಬಂದಾಗ ಆ ನೋಟುಬುಕ್ಕು ಕಲ್ಲಿನ ಮೇಲೆ ಇತ್ತು. ಎರಡನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿಸುತ್ತೇನೆ: ಟೀಚರ್ ನನಗ ಓದಲಾಕ ಬರ್ತದ. ಅದು ಎಲ್ಲರಿಗಿ ತೋರಸರಿ.

ಆ ಹುಡುಗಿ ಭಾಲ್ಕಿಗೆ ಬಂದದ್ದು ಜಗಳಕ್ಕಲ್ಲ, ದೂರಿಗಲ್ಲ. ಎರಡನೆಯ ವಿಡಿಯೋ ತೋರಿಸಿರಿ ಎಂದು ಕೇಳಲು ಬಂದದ್ದು.

25ನೇ ತಾರೀಖು ನಾನು ಡಾಬಕಾಕ್ಕೆ ಬಂದು ಬೆಳಿಗ್ಗೆ 11 ಗಂಟೆಗೆ ಕುರಿ ದೊಡ್ಡಿಗೆ ಹೋದೆ. ಕುರಿಗಳನ್ನು ಅಂದು ಬಿಟ್ಟಿರಲಿಲ್ಲ, ಹಸಿದು ಒದರುತ್ತಿದ್ದವು. ಕಳಿಸಿದ್ದು ನಾನು ಎಂದು ಧೊಂಡಿಬಾರಿಗೆ ಹೇಳಿದೆ. ಅವರು ಹೊಡೆಯುತ್ತಾರೆ ಎಂದು ತಿಳಿದಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕೈಯನ್ನೇ ನೋಡಿ, "ನಿಮ್ಮ ಮೊಮ್ಮಗಳು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಳ್ರಿ. ನಿಮಗ ಯಾರು ಹೆಬ್ಬೆಟ್ಟು ಒತ್ತಿ ಕೊಟ್ಟಿದ್ರು?" ಎಂದು ಕೇಳಿದರು. ನಾನು ಹೊರಡುವಾಗ ಹೀರಾಬಾಯಿ ನನ್ನ ಅಂಗಿಯ ಜೇಬು ತೋರಿಸಿ, "ಅದರಾಗ ಇನ್ನೂ ಅದಾಳೇನ್ರಿ ನನ್ನ ಮಗಳು?" ಎಂದರು. ಜೇಬಿನಲ್ಲಿ ಫೋನು ಇತ್ತು.

26, 27, 28ರಂದು ನಾನು ಮತ್ತು ಪ್ರಣಾಲಿ ಭಾಲ್ಕಿ, ಬೀದರ, ಉದಗೀರ ರೈಲು ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಹುಡುಕಿದ್ದೇವೆ. ಗಾಂಧಿ ಗಂಜದ ಹಮಾಲರು ಲಾರಿಯವರಿಗೆಲ್ಲ ಹೇಳಿದ್ದಾರೆ. 27ನೇ ತಾರೀಖು ಉದಗೀರದಲ್ಲಿ ಕೂತಿದ್ದಾಗ, ಎರಡನೆಯ ವಿಡಿಯೋವನ್ನಾದರೂ ಈಗ ಎಲ್ಲರಿಗೂ ಕಳಿಸೋಣ, ಕೂಸು ಅದನ್ನೇ ಕೇಳಿದೆಯಲ್ಲ ಎಂದು ನಾನು ಪ್ರಣಾಲಿಗೆ ಹೇಳಿದೆ. ಅವಳು, "ಮುತ್ಯಾ, ಇನ್ನೂ ಕಳಸಾ ಆಸೆ ಅದ ಏನ್ ನಿನಗ?" ಎಂದಳು. ಒಂದು ರೈಲು ಬಂದು ಹೋದ ಮೇಲೆ, "ನಾನೂ ಒಬ್ಬರಿಗೇ ಕಳಸಿದ್ದೆ. ನೀನೂ ನಮ್ಮ ಮಂದಿಗೇ ಕಳಸಿದ್ದಿ. ಒಬ್ಬರಿಗೇ ಅನ್ನೋದೇ ಸುಳ್ಳು ಮುತ್ಯಾ" ಎಂದಳು. ಅವಳು ಬಿ.ಇಡ್. ಬಿಡುತ್ತೇನೆ ಎಂದು ಕಾಲೇಜಿಗೆ ಅರ್ಜಿ ಬರೆದಿಟ್ಟಿದ್ದಾಳೆ. ಅದರಲ್ಲಿ ಎರಡು ಕಡೆ ಕನ್ನಡ ತಪ್ಪಾಗಿದೆ. ನನಗೆ ತಿದ್ದಲು ಕೊಟ್ಟಿಲ್ಲ.

ಪ್ರಣಾಲಿ ಮಾಡಿದ ತಪ್ಪು ನನ್ನನ್ನು ನಂಬಿದ್ದು ಒಂದೇ. ಅವಳು ದೊಡ್ಡಿಗೆ ನಡೆದು ಹೋಗಿ ಕೇಳಿದಳು, ಓದಿ ಹೇಳಿದಳು, ಅಳಿಸು ಎಂದಳು. ಒಪ್ಪಿಗೆ ಇಲ್ಲದೆ ಆ ಮಗುವಿನ ಮುಖವನ್ನು ಮೊದಲು ಮನೆಯಿಂದ ಹೊರಗೆ ಹಾಕಿದ ಕೈ ನನ್ನದು. ಕಾನೂನಿನಲ್ಲಿ ಇದಕ್ಕೆ ಏನು ಇದೆಯೋ ಅದನ್ನು ನನ್ನ ಹೆಸರಿಗೆ ಬರೆಯಬೇಕು. ಇನ್ನೊಂದು ಮಾತು, ಇದನ್ನು ಹೇಳಲಿಕ್ಕೂ ಬಂದಿದ್ದೇನೆ. ಹುಡುಕುವವರು ಆ ಹುಡುಗಿ ಕಂಡರೆ ಗುರುತಿಗೆಂದು ಫೋನು ಎತ್ತಬಾರದು. ಎತ್ತಿದರೆ ಓಡುತ್ತಾಳೆ. ಕೈ ಖಾಲಿ ಇಟ್ಟುಕೊಂಡು ಹತ್ತಿರ ಹೋಗಬೇಕು ಎಂದು ಎಲ್ಲ ಠಾಣೆಗಳಿಗೂ ತಿಳಿಸಬೇಕಾಗಿ ಕೈ ಮುಗಿದು ಕೇಳುತ್ತೇನೆ.

ಇಷ್ಟು ಬರೆಯಿಸಿದ ಮೇಲೆ ಈ ದಿನ ಮಧ್ಯಾಹ್ನ 12-15ಕ್ಕೆ ಠಾಣೆಯಲ್ಲಿಯೇ ನಡೆದದ್ದನ್ನೂ ಸೇರಿಸಬೇಕೆಂದು ನಾನು ಕೋರಿದ್ದರಿಂದ ಸೇರಿಸಲಾಗಿದೆ.

ಮಹಿಳಾ ಪೇದೆ ಮನಿಷಾ ಅವರು ಕಾಣೆಯಾದವರ ಪ್ರಕಟಣೆ ತಯಾರು ಮಾಡುತ್ತಿದ್ದರು. ಅದಕ್ಕೆ ಹುಡುಗಿಯ ಫೋಟೋ ಬೇಕಾಗಿತ್ತು. ಧೊಂಡಿಬಾ ತಂದುಕೊಟ್ಟ ಆಧಾರ್ ಕಾರ್ಡಿನಲ್ಲಿ ಅವಳು ನಾಲ್ಕು ವರ್ಷದ ಕೂಸು, ತಲೆ ಬೋಳಿಸಿದ್ದಾರೆ, ಗುರುತು ಸಿಗುವುದಿಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳ ಫೋಟೋ ತೆಗೆದ ದಿನ ಅವಳು ಕುರಿ ಹಿಂದೆ ಹೋಗಿದ್ದಳು. ಬೇರೆ ಫೋಟೋ ಆ ಮನೆಯಲ್ಲಿ ಇಲ್ಲ. ಮನಿಷಾ ಅವರು, ತನಿಖೆಗೆಂದು ಠಾಣೆಯಲ್ಲಿ ತೆಗೆದಿಟ್ಟಿದ್ದ ಪ್ರಣಾಲಿಯ ಫೋನಿನಲ್ಲಿದ್ದ ಎರಡನೆಯ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ನಾನೂ ಪಕ್ಕದಲ್ಲಿ ನಿಂತು ನೋಡಿದೆ. 2 ನಿಮಿಷ 10 ಸೆಕೆಂಡಿನಲ್ಲಿ ಒಂದು ಕಡೆಯೂ ಅವಳ ಮುಖ ಕಾಣುವುದಿಲ್ಲ. ಬೈತಲೆ ಕಾಣುತ್ತದೆ, ಎರಡು ಜಡೆಯ ಕೆಂಪು ರಿಬ್ಬನ್ನು ಕಾಣುತ್ತದೆ, ಸಾಲಿನ ಕೆಳಗೆ ಓಡುವ ಬೆರಳು ಕಾಣುತ್ತದೆ. ಓದುವವಳು ತಲೆ ಎತ್ತಿಯೇ ಇಲ್ಲ.

"ಮತ್ತ ಹ್ಯಾಂಗ್ರಿ ಅಜ್ಜಾ, ಆ ಮೊದಲಿಂದೇ ತಗೋಬೇಕಾಗ್ತದ" ಎಂದು ಮನಿಷಾ ಅವರು ಹೇಳಿದರು. ಬಾಗಿಲ ಹತ್ತಿರ ಕೂತಿದ್ದ ಧೊಂಡಿಬಾರನ್ನು ಕರೆದು ತೋರಿಸಿದರು. ಧೊಂಡಿಬಾ ಶಾಯಿಯ ಡಬ್ಬಿ ಎಲ್ಲಿದೆ ಎಂದು ಕೇಳಿದರು. ಹೆಬ್ಬೆಟ್ಟು ಒತ್ತಿದ ಮೇಲೆ ಈ ಸಲ ಇಬ್ಬರೇ ಏನು ಎಂದು ಕೇಳಲಿಲ್ಲ.

ಮೊದಲ ವಿಡಿಯೋದ 38ನೇ ಸೆಕೆಂಡಿನಲ್ಲಿ ಅವಳು ತಲೆ ಎತ್ತಿ ನೋಡುತ್ತಾಳೆ. ಆ ಮುಖವನ್ನು ಪ್ರಕಟಣೆಗೆ ಹಾಕಲಾಯಿತು. ಕೆಳಗೆ ಹೆಸರು, ವಯಸ್ಸು, ತೊಟ್ಟ ಬಟ್ಟೆ, ಠಾಣೆಯ ಫೋನ್ ನಂಬರ್. ನಿಮ್ಮ ಗ್ರೂಪಿನಲ್ಲಿ ಭಾಲ್ಕಿ, ಔರಾದ, ಉದಗೀರ ಮೂರೂ ಕಡೆಯ ಮಂದಿ ಇದ್ದಾರಲ್ಲ, ನೀವೂ ಕಳಿಸಿರಿ ಎಂದು ಮನಿಷಾ ಅವರು ನನಗೆ ಹೇಳಿದರು. ಮಗು ಸಿಗಬೇಕಾದರೆ ಕಳಿಸಲೇಬೇಕು. 12-32ಕ್ಕೆ ಕನ್ನಡಕ ಹಾಕಿಕೊಂಡು ಮುತ್ಯಾನ ಪತ್ರಕ್ಕೆ ಅದನ್ನು ಹಾಕಿದೆ. ಕೆಳಗೆ ಏನು ಬರೆಯಬೇಕೆಂದು ಯೋಚನೆ ಮಾಡಿದೆ. ನನಗೆ ಬರುವುದು ಒಂದೇ ಸಾಲು. ಓದಿ ಮುಂದಿನ ಮನಿಗಿ ಕಳಸ್ರಿ ಎಂದು ಬರೆದೆ.

12-36ಕ್ಕೆ ಮೊದಲ ಉತ್ತರ ಬಂದಿತು. ನನ್ನ ತಂಗಿ ಸುಭದ್ರಾಬಾಯಿ ಮನೆಯ ಫೋನಿನಿಂದ ಬಂದದ್ದು. ಅಕ್ಷರ ಏನೂ ಇರಲಿಲ್ಲ. ಹಳದಿ ಬಣ್ಣದ ಒಂದು ನಗುವ ಮುಖ ಇತ್ತು. ಯಾರು ಒತ್ತಿದರೋ ಗೊತ್ತಿಲ್ಲ. ಆ ಮುಖ ನೋಡಿದ ಕೂಡಲೇ ಒತ್ತಿದ್ದಾರೆ, ಕೆಳಗೆ ಬರೆದದ್ದನ್ನು ಓದಿಲ್ಲ.

ಇದರಲ್ಲಿ ಇರುವುದೆಲ್ಲ ನಾನು ಮಾಡಿದ್ದು, ಕಂಡದ್ದು, ಕೇಳಿ ತಿಳಿದದ್ದು. ಬಿಟ್ಟದ್ದು ಏನೂ ಇಲ್ಲ. ಬರೆದ ಮೇಲೆ ನನಗೆ ಓದಿ ಹೇಳಿದರು. ನನಗೆ ಓದಲು ಬರುವುದರಿಂದ ನಾನೂ ಮೊದಲಿನಿಂದ ಕೊನೆಯವರೆಗೆ ಒಂದು ಸಲ ಓದಿದ್ದೇನೆ. ಎಲ್ಲ ಖರೆ ಇದೆ. ಇದನ್ನು ಇಲ್ಲಿಯೇ ಇಟ್ಟುಕೊಳ್ಳಬೇಕು.

ಸ್ಥಳ: ಔರಾದ
ದಿನಾಂಕ: 29-12-2025, ಮಧ್ಯಾಹ್ನ 1-05 ಗಂಟೆ

(ಸಹಿ) ಪಂಢರಿ ಮಾರುತಿ ವಾಘಮಾರೆ
ನನ್ನ ಸಮಕ್ಷಮ ಬರೆದುಕೊಂಡವರು: ಮನಿಷಾ, ಮಹಿಳಾ ಪೇದೆ